ಕಾಂತಕ್ಷೇತ್ರದ ನಕ್ಷೆ: ಎತ್ತರ ಯಾವುದು, ಇಸವಿ ಯಾವುದು?

ಮಾನ್ಯ ಸಂಪಾದಕರೇ,

ಭೂಮಿಯ ಕಾಂತಕ್ಷೇತ್ರದ ಸುದ್ದಿ ಬಂದಾಗಲೆಲ್ಲ ಪಕ್ಕದಲ್ಲೊಂದು ಕೆಂಪು, ನೀಲಿ ಬಳಿದ ಭೂಪಟ ಇರುತ್ತದೆ. ಕೆಳಗೆ ‘ಉಪಗ್ರಹ ಸೆರೆಹಿಡಿದ ಚಿತ್ರ’ ಎಂಬ ಒಂದು ಸಾಲು. ಅದು ನೆಲಮಟ್ಟದ ಲೆಕ್ಕವೋ, 450 ಕಿ.ಮೀ. ಎತ್ತರದ್ದೋ, ಭೂಗರ್ಭದ (ಭೂಮಿಯ ನಡುವಿನ ಕಬ್ಬಿಣದ ತಿರುಳಿನ) ಮೇಲ್ಮೈಯದ್ದೋ ತಿಳಿಯುವುದಿಲ್ಲ. ಯಾವ ಇಸವಿಯದೆಂದು ಇರುವುದಿಲ್ಲ. ಬಣ್ಣ ತೋರಿಸುತ್ತಿರುವುದು ಒಟ್ಟು ಬಲವನ್ನೋ, ಲಂಬ ಅಂಶವನ್ನೋ, ವರ್ಷದ ಬದಲಾವಣೆಯನ್ನೋ ಎಂಬುದೂ ಇಲ್ಲ. ಯಾವ ಮೂಲದ ಕ್ಷೇತ್ರವನ್ನು ಉಳಿಸಿಕೊಂಡಿದ್ದಾರೆ, ಯಾವುದನ್ನು ಕಳೆದಿದ್ದಾರೆ ಎಂಬುದಂತೂ ಯಾರೂ ಕೇಳುವುದೇ ಇಲ್ಲ. ‘ಧ್ರುವಗಳು ಇನ್ನೇನು ಅದಲುಬದಲು’ ಎಂಬಂಥ ತಲೆಬರಹ ಹುಟ್ಟುವುದು ಇಂಥ ನಕ್ಷೆಗಳಿಂದಲೇ. ಆದ್ದರಿಂದ ಈ ಅಂಕಿಗಳು ಎಲ್ಲಿಂದ ಬರುತ್ತವೆ, ಎಲ್ಲಿ ಕೆಡುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಕಾಂತಕ್ಷೇತ್ರವನ್ನು ಸೆರೆಹಿಡಿಯುವ ಕ್ಯಾಮೆರಾ ಯಾವ ಉಪಗ್ರಹದಲ್ಲೂ ಇಲ್ಲ. ಉಪಗ್ರಹ ಆ ಕ್ಷಣ ತಾನಿರುವ ಬಿಂದುವಿನ ಕ್ಷೇತ್ರವನ್ನಷ್ಟೇ ಅಳೆಯುತ್ತದೆ. ಸೆಕೆಂಡಿಗೆ ಸುಮಾರು 7.6 ಕಿ.ಮೀ. ಓಡುತ್ತ, ಒಂದೂವರೆ ಗಂಟೆಗೊಂದು ಸುತ್ತು ಹಾಕುತ್ತ, ಅಂಥ ಬಿಂದುಗಳನ್ನು ದಾರಕ್ಕೆ ಮಣಿ ಪೋಣಿಸಿದಂತೆ ಕೂಡಿಹಾಕುತ್ತದೆ. ತಿಂಗಳುಗಟ್ಟಲೆ ಸೇರಿದ ಇಂಥ ದಾರಗಳಿಂದ ನಕ್ಷೆ ನೆಯ್ಯುವುದು ನೆಲದ ಮೇಲಿನ ಕಂಪ್ಯೂಟರ್. ನೆಲಮಟ್ಟದಲ್ಲಿ ಕ್ಷೇತ್ರದ ಬಲ ಜಾಗಕ್ಕೆ ತಕ್ಕಂತೆ ಸುಮಾರು 22,000ದಿಂದ 67,000 ನ್ಯಾನೊಟೆಸ್ಲಾವರೆಗೆ ಇರುತ್ತದೆ (ಟೆಸ್ಲಾ ಎಂಬುದು ಕಾಂತಕ್ಷೇತ್ರದ ಬಲದ ಮಾನ, ನ್ಯಾನೊಟೆಸ್ಲಾ ಅದರ ನೂರು ಕೋಟಿಯಲ್ಲೊಂದು ಪಾಲು). ಯುರೋಪಿನ ಬಾಹ್ಯಾಕಾಶ ಸಂಸ್ಥೆ 2013ರ ನವೆಂಬರ್ 22ರಂದು ಹಾರಿಸಿದ ಸ್ವಾರ್ಮ್ ಎಂಬ ಮೂರು ಉಪಗ್ರಹಗಳು ಇದನ್ನು ಅಳೆಯುವಾಗ ತಪ್ಪು 1 ನ್ಯಾನೊಟೆಸ್ಲಾ ಮೀರಬಾರದು ಎಂಬುದು ಗುರಿ. ಅಂದರೆ 50,000ದಲ್ಲಿ ಒಂದು. ಇನ್ನುಳಿದ ತಾಪತ್ರಯವೆಲ್ಲ ಈ ಒಂದರ ಹಿಂದೆ ಬಿದ್ದದ್ದು.

ಅಳೆಯುವ ಉಪಕರಣ ಎರಡು ಬಗೆಯದು. ಮೊದಲನೆಯದು ಫ್ಲಕ್ಸ್‌ಗೇಟ್. ಸುಲಭವಾಗಿ ಕಾಂತೀಕರಣಗೊಳ್ಳುವ ಲೋಹದ ತಿರುಳಿಗೆ ತಂತಿ ಸುತ್ತಿ, ಎಸಿ ವಿದ್ಯುತ್ ಹರಿಸಿ ಅದನ್ನು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಪೂರ್ತಿ ಕಾಂತೀಕರಿಸುತ್ತಾರೆ. ಹೊರಗಿನ ಕ್ಷೇತ್ರ ಇದ್ದರೆ ಈ ಎರಡು ಕಡೆಯ ಸಮತೋಲ ತಪ್ಪಿ, ಕೊಟ್ಟ ಆವರ್ತನದ ಎರಡು ಪಟ್ಟಿನ ಒಂದು ಸಂಕೇತ ಏಳುತ್ತದೆ. ಇನ್ನೊಂದು ಸುರುಳಿಗೆ ವಿದ್ಯುತ್ ಹರಿಸಿ ಆ ಸಂಕೇತವನ್ನು ಸೊನ್ನೆಗೆ ಇಳಿಸಬೇಕು. ಅದಕ್ಕೆ ಬೇಕಾದ ವಿದ್ಯುತ್ತೇ ಕ್ಷೇತ್ರದ ಅಳತೆ. ಮೂರು ದಿಕ್ಕಿಗೆ ಮೂರು ಇಟ್ಟರೆ ಕ್ಷೇತ್ರದ ಮೂರೂ ಅಂಶಗಳು ಸಿಗುತ್ತವೆ. ಆದರೆ ಇದು ನಂಬಿಕಸ್ಥ ಉಪಕರಣವಲ್ಲ. ಬಿಸಿ ಏರಿಳಿದರೆ, ವರ್ಷ ಕಳೆದರೆ ಅಳತೆ ಜಾರುತ್ತದೆ.

ಎರಡನೆಯದು ಪರಮಾಣುಗಳನ್ನೇ ಗಡಿಯಾರ ಮಾಡಿಕೊಂಡದ್ದು. ಸ್ವಾರ್ಮ್‌ನಲ್ಲಿ ಹೀಲಿಯಂ ಅನಿಲ, ಲೇಸರ್ ಬೆಳಕು ಮತ್ತು ರೇಡಿಯೊ ತರಂಗ ಸೇರಿ ಈ ಕೆಲಸ ಮಾಡುತ್ತವೆ. ಕ್ಷೇತ್ರ 1 ನ್ಯಾನೊಟೆಸ್ಲಾ ಹೆಚ್ಚಿದರೆ ಹೀಲಿಯಂನ ಅನುರಣನ ಆವರ್ತನ 28 ಹರ್ಟ್ಸ್ ಏರುತ್ತದೆ. 50,000 ನ್ಯಾನೊಟೆಸ್ಲಾದಲ್ಲಿ ಅದು 14 ಲಕ್ಷ ಹರ್ಟ್ಸ್. ಆವರ್ತನ ಎಣಿಸುವುದು ನಮಗೆ ಚೆನ್ನಾಗಿ ಬರುವ ಕೆಲಸ, ಪರಮಾಣುವಿಗೆ ಮುಪ್ಪೂ ಇಲ್ಲ. ಹಾಗಾಗಿ ಈ ಅಂಕಿ ಜಾರುವುದಿಲ್ಲ. ಕೊರತೆ ಒಂದೇ: ಇದು ಬಲ ಎಷ್ಟೆಂದು ಹೇಳುತ್ತದೆ, ದಿಕ್ಕು ಹೇಳುವುದಿಲ್ಲ.

ದಿಕ್ಕು ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಇತಿಹಾಸದಲ್ಲೇ ಇದೆ. 1965ರಿಂದ 1971ರವರೆಗೆ ಅಮೆರಿಕದ ಓಗೊ ಸರಣಿಯ 2, 4 ಮತ್ತು 6ನೇ ಉಪಗ್ರಹಗಳು ಬಲವನ್ನು ಮಾತ್ರ ಅಳೆದವು. ಎಲ್ಲೆಡೆ ಬಲ ಗೊತ್ತಿದ್ದರೆ ದಿಕ್ಕನ್ನು ಗಣಿತದಿಂದ ಹೊರಡಿಸಬಹುದು ಎಂಬುದು ಆಗಿನ ಎಣಿಕೆ. ಆದರೆ ಒಂದೊಂದು ಜಾಗದಲ್ಲೂ ಪರಸ್ಪರ ಸಮನಾದ ಬಲ ಕೊಟ್ಟೂ ದಿಕ್ಕಿನಲ್ಲಿ ಬೇರೆಯಾದ ಎರಡು ಕ್ಷೇತ್ರಗಳು ಇರಬಲ್ಲವು ಎಂದು ಭೂಭೌತವಿಜ್ಞಾನಿ ಜಾರ್ಜ್ ಬ್ಯಾಕಸ್ 1970ರಲ್ಲಿ ತೋರಿಸಿದರು. ಆ ದತ್ತಾಂಶದಿಂದ ಕಟ್ಟಿದ, ಕ್ಷೇತ್ರವನ್ನು ಲೆಕ್ಕದಲ್ಲಿ ಹೇಳುವ ಗಣಿತದ ಮಾದರಿಗಳು ಸಮಭಾಜಕದ ಹತ್ತಿರ ದಿಕ್ಕಿನಲ್ಲಿ ದೊಡ್ಡ ತಪ್ಪು ಮಾಡಿದ್ದವು. ಮೂರೂ ಅಂಶಗಳನ್ನು ನಿಖರವಾಗಿ ಅಳೆದ ಮೊದಲ ಉಪಗ್ರಹ ಮ್ಯಾಗ್‌ಸ್ಯಾಟ್. 1979ರ ಅಕ್ಟೋಬರ್ 30ಕ್ಕೆ ಹಾರಿ, 1980ರ ಜೂನ್ 11ಕ್ಕೆ ವಾತಾವರಣಕ್ಕೆ ಬಿದ್ದು ಉರಿದುಹೋಯಿತು.

ಫ್ಲಕ್ಸ್‌ಗೇಟ್‌ನ ಸುಳ್ಳನ್ನು ಪರಮಾಣು ಮಾಪಕದ ಸಾಕ್ಷಿಯಿಂದ ಹಿಡಿಯುವ ಲೆಕ್ಕವನ್ನು ಹತ್ತಿರದಿಂದ ನೋಡಬೇಕು. ಫ್ಲಕ್ಸ್‌ಗೇಟ್‌ನಲ್ಲಿ ಒಂಬತ್ತು ತಪ್ಪುಗಳಿರುತ್ತವೆ. ಕ್ಷೇತ್ರ ಸೊನ್ನೆಯಿದ್ದರೂ ಸೊನ್ನೆ ತೋರಿಸದ ತಪ್ಪು ಮೂರು, ಅಳತೆಗೋಲು ಹಿಗ್ಗಿದ ಅಥವಾ ಕುಗ್ಗಿದ ತಪ್ಪು ಮೂರು, ಮೂರು ಅಕ್ಷಗಳ ನಡುವಿನ ಕೋನ ಸರಿಯಾಗಿ 90 ಡಿಗ್ರಿ ಇಲ್ಲದ ತಪ್ಪು ಮೂರು. ಮೂರು ಅಂಶಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಒಟ್ಟು ಬಲ ಬರಬೇಕು, ಅದು ಅದೇ ಕ್ಷಣ ಹೀಲಿಯಂ ಹೇಳಿದ ಬಲಕ್ಕೆ ಸರಿಹೊಂದಬೇಕು. ಉಪಗ್ರಹ ಧ್ರುವದಿಂದ ಧ್ರುವಕ್ಕೆ ಹೋಗುವಾಗ ಕ್ಷೇತ್ರ ಉಪಕರಣದ ಮೇಲೆ ಬೇರೆ ಬೇರೆ ದಿಕ್ಕಿನಿಂದ ಬೀಳುತ್ತದೆ. ಹಾಗಾಗಿ ಒಂದು ದಿನದ ಹೋಲಿಕೆಯಿಂದಲೇ ಒಂಬತ್ತೂ ತಪ್ಪುಗಳನ್ನು ಬಿಡಿಸಿ ತೆಗೆಯಲು ಬೇಕಾದಷ್ಟು ಸಮೀಕರಣ ಸಿಗುತ್ತವೆ. ಈ ಹೋಲಿಕೆಯನ್ನು ಉಪಗ್ರಹ ಬದುಕಿರುವವರೆಗೂ ಮಾಡುತ್ತಲೇ ಇರಬೇಕು.

ಆಮೇಲೂ ಮೂರು ಕೋನ ಉಳಿಯುತ್ತವೆ. ಫ್ಲಕ್ಸ್‌ಗೇಟ್‌ನ ಅಕ್ಷಕ್ಕೂ ಉಪಗ್ರಹದ ದಿಕ್ಕನ್ನು ನಕ್ಷತ್ರ ನೋಡಿ ಹೇಳುವ ಕ್ಯಾಮೆರಾದ ಅಕ್ಷಕ್ಕೂ ನಡುವಿನ ಕೋನಗಳು ಅವು. ಬಲದ ಹೋಲಿಕೆಯಲ್ಲಿ ಇವು ಸಿಗುವುದಿಲ್ಲ, ಏಕೆಂದರೆ ತಿರುಗಿಸಿದರೆ ಬಲ ಬದಲಾಗುವುದಿಲ್ಲ. ಇವನ್ನು ಕ್ಷೇತ್ರದ ಮಾದರಿಯ ಜೊತೆಗೇ ಒಟ್ಟಿಗೆ ಲೆಕ್ಕಹಾಕಿ ಪಡೆಯಬೇಕು. ಇಲ್ಲಿ ಒಂದು ಸೆಕೆಂಡ್ ಕೋನದ, ಅಂದರೆ ಡಿಗ್ರಿಯ 3,600ನೇ ಒಂದು ಭಾಗದ ತಪ್ಪಾದರೆ 50,000 ನ್ಯಾನೊಟೆಸ್ಲಾ ಕ್ಷೇತ್ರದಲ್ಲಿ 0.24 ನ್ಯಾನೊಟೆಸ್ಲಾ ತಪ್ಪು ಬರುತ್ತದೆ. ನಾಲ್ಕು ಸೆಕೆಂಡ್ ಕೋನ ಮೀರಿ ತಪ್ಪಿದರೆ ಗುರಿ ಕೈತಪ್ಪಿತು. ಹಾಗೆ ನೋಡಿದರೆ ಈ ಕೆಲಸದಲ್ಲಿ ಕಾಂತಮಾಪಕಕ್ಕಿಂತ ನಕ್ಷತ್ರ ಕ್ಯಾಮೆರಾವೇ ಹೆಚ್ಚು ಸಲ ಅಡ್ಡಬರುತ್ತದೆ. ಮ್ಯಾಗ್‌ಸ್ಯಾಟ್‌ನಲ್ಲಿ ಈ ಕ್ಯಾಮೆರಾಗಳು ಉಪಗ್ರಹದ ಒಡಲಲ್ಲಿದ್ದವು, ಕಾಂತಮಾಪಕ 6 ಮೀಟರ್ ಉದ್ದದ ತೋಳಿನ ತುದಿಯಲ್ಲಿತ್ತು. ತೋಳು ಎಷ್ಟು ಬಾಗಿತೆಂದು ಕನ್ನಡಿಗಳ ಏರ್ಪಾಡಿನಿಂದ ಬೇರೆಯಾಗಿ ಅಳೆಯಬೇಕಾಯಿತು. 1999ರ ಫೆಬ್ರುವರಿ 23ರಂದು ಹಾರಿದ ಡೆನ್ಮಾರ್ಕಿನ ಓರ್‌ಸ್ಟೆಡ್ ಈ ತಲೆನೋವನ್ನು ತಪ್ಪಿಸಿತು. ಅದರ ನಕ್ಷತ್ರ ಕ್ಯಾಮೆರಾ 8 ಮೀಟರ್ ತೋಳಿನ ಮೇಲೆ ಫ್ಲಕ್ಸ್‌ಗೇಟ್‌ನ ಜೊತೆಗೇ ಕೂತಿತ್ತು. ಸ್ವಾರ್ಮ್‌ನಲ್ಲಿ ಮೂರು ಕ್ಯಾಮೆರಾಗಳನ್ನು ಫ್ಲಕ್ಸ್‌ಗೇಟ್ ಇರುವ ಪೀಠಕ್ಕೇ ಬಿಗಿದಿದ್ದಾರೆ. ಒಂದರ ಕಣ್ಣಿಗೆ ಸೂರ್ಯನೋ ಚಂದ್ರನೋ ಬಿದ್ದರೆ ಉಳಿದೆರಡು ನೋಡಿಕೊಳ್ಳುತ್ತವೆ.

ಗಡಿಯಾರದ ಬಗ್ಗೆ ಒಂದು ಮಾತು. ಉಪಗ್ರಹ ಓಡುವ ವೇಗಕ್ಕೆ ಲಂಬ ಅಂಶ ಸೆಕೆಂಡಿಗೆ 50 ನ್ಯಾನೊಟೆಸ್ಲಾದಷ್ಟು ಬದಲಾಗಬಲ್ಲದು. ಅಳತೆಗೆ ಹಚ್ಚಿದ ಸಮಯ ಸೆಕೆಂಡಿನ ನೂರನೇ ಒಂದು ಭಾಗ ತಪ್ಪಿದರೂ ಅರ್ಧ ನ್ಯಾನೊಟೆಸ್ಲಾ ಹೋಯಿತು. ಎತ್ತರದ ತಪ್ಪು ಇಷ್ಟು ಕಾಡುವುದಿಲ್ಲ: ಮೀಟರಿಗೆ ಹೆಚ್ಚೆಂದರೆ 0.02 ನ್ಯಾನೊಟೆಸ್ಲಾ, ಜಿಪಿಎಸ್ ಅದಕ್ಕಿಂತ ಬಹಳ ಚೆನ್ನಾಗಿ ಎತ್ತರ ಹೇಳುತ್ತದೆ.

ಉಪಗ್ರಹವೇ ಒಂದು ಆಯಸ್ಕಾಂತವಾಗಿಬಿಡುವುದು ಇನ್ನೊಂದು ತೊಂದರೆ. ಬ್ಯಾಟರಿಯಿಂದ ಹರಿಯುವ ವಿದ್ಯುತ್ತು, ಸೌರಫಲಕದ ತಂತಿಗಳು, ಎಲ್ಲೋ ಉಳಿದ ಒಂದು ಉಕ್ಕಿನ ಸ್ಕ್ರೂ, ಎಲ್ಲವೂ ಅಳತೆಯಲ್ಲಿ ಸೇರಿಕೊಳ್ಳುತ್ತವೆ. 1 ಆಂಪಿಯರ್ ಹರಿಯುವ, 1 ಚದರ ಮೀಟರ್ ವಿಸ್ತೀರ್ಣದ ಒಂದು ತಂತಿಯ ಬಳೆಯನ್ನು ಊಹಿಸಿಕೊಳ್ಳಿ. ಅದರ ಅಕ್ಷದ ಮೇಲೆ 4 ಮೀಟರ್ ದೂರದಲ್ಲಿ ಸುಮಾರು 3 ನ್ಯಾನೊಟೆಸ್ಲಾ ಕ್ಷೇತ್ರ ಇರುತ್ತದೆ, 8 ಮೀಟರ್ ದೂರದಲ್ಲಿ 0.4. ದೂರ ಎರಡು ಪಟ್ಟಾದರೆ ಬಲ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಉದ್ದನೆಯ ತೋಳು ಇರುವುದು ಇದಕ್ಕೇ. ತೋಳು ಸಾಲದು. ಸೌರಫಲಕದಲ್ಲಿ ಹೋಗುವ ತಂತಿಯ ಬೆನ್ನಿಗೇ ಬರುವ ತಂತಿಯನ್ನು ಎಳೆದು ಎರಡರ ಕ್ಷೇತ್ರವನ್ನೂ ಪರಸ್ಪರ ಅಳಿಸಬೇಕು, ಉಳಿದ ತಂತಿಗಳನ್ನು ಜೋಡಿಜೋಡಿಯಾಗಿ ಹುರಿಮಾಡಬೇಕು, ಕಾಂತಗುಣವಿಲ್ಲದ ಬಿಡಿಭಾಗಗಳನ್ನು ಒಂದೊಂದಾಗಿ ಪರೀಕ್ಷಿಸಿ ಆರಿಸಬೇಕು. ಸ್ವಾರ್ಮ್‌ನ ಸೌರಫಲಕಗಳು ಅತ್ತಿತ್ತ ತಿರುಗುವುದಿಲ್ಲ, ಮನೆಯ ಸೂರಿನಂತೆ ಒಡಲಿಗೇ ಅಂಟಿಕೊಂಡಿವೆ.

ಇಷ್ಟು ಮಾಡಿಯೂ ಸ್ವಾರ್ಮ್ ಹಾರಿದ ಮೇಲೆ ಒಂದು ವಿಚಿತ್ರ ಕಂಡಿತು. ಒಂದೇ ತೋಳಿನ ಮೇಲಿರುವ ಎರಡು ಮಾಪಕಗಳ ಅಂಕಿಗಳು ಕೆಲವು ನ್ಯಾನೊಟೆಸ್ಲಾದಷ್ಟು ಹೊಂದಲಿಲ್ಲ, ಆ ವ್ಯತ್ಯಾಸ ಸೂರ್ಯ ಯಾವ ಕೋನದಿಂದ ಬೀಳುತ್ತಿದ್ದಾನೆ ಎಂಬುದರ ಜೊತೆ ಏರಿಳಿಯುತ್ತಿತ್ತು. ಹುಡುಕುತ್ತ ಹೋದಾಗ ಸಂಶಯ ಬಿದ್ದದ್ದು ಬಿಸಿಲಿನಿಂದ ಕಾಪಾಡಲೆಂದೇ ಹೊದಿಸಿದ್ದ ಪದರಪದರದ ಹೊದಿಕೆಯ ಮೇಲೆ. ಒಂದು ಬದಿ ಕಾದು ಇನ್ನೊಂದು ಬದಿ ತಣ್ಣಗಿದ್ದಾಗ ಲೋಹದ ಕೂಡಿಕೆಯಲ್ಲಿ ಸಣ್ಣ ವಿದ್ಯುತ್ತು ಹರಿಯುತ್ತದೆ, ವಿದ್ಯುತ್ತು ಹರಿದಲ್ಲಿ ಕಾಂತಕ್ಷೇತ್ರ. ಮೇಲೆ ಹೋಗಿ ಹೊದಿಕೆ ಬಿಚ್ಚುವಂತಿಲ್ಲ. ಸೂರ್ಯನ ಕೋನವನ್ನು ಸೇರಿಸಿ ತಿದ್ದುಪಡಿಯ ಮಾದರಿ ಕಟ್ಟಿ, ದತ್ತಾಂಶವನ್ನೆಲ್ಲ ಮತ್ತೆ ಲೆಕ್ಕಹಾಕಿ ಹೊರತಂದರು. ಮೂರರಲ್ಲಿ ‘ಚಾರ್ಲಿ’ ಎಂಬ ಉಪಗ್ರಹದ ಹೀಲಿಯಂ ಮಾಪಕ 2014ರಲ್ಲೇ ಪೂರ್ತಿ ನಿಂತುಹೋಯಿತು, ಅದಕ್ಕಿದ್ದ ಬದಲಿಯೂ ಉಳಿಯಲಿಲ್ಲ. ಆಗಿನಿಂದ ಪಕ್ಕದಲ್ಲೇ ಹಾರುವ ‘ಆಲ್ಫಾ’ದ ಬಲವನ್ನು ಚಾರ್ಲಿಯ ಜಾಗಕ್ಕೆ ಲೆಕ್ಕಹಾಕಿ ಅದರ ಫ್ಲಕ್ಸ್‌ಗೇಟ್‌ನ ತಪ್ಪು ತಿದ್ದುತ್ತಿದ್ದಾರೆ.

ಆಲ್ಫಾ ಮತ್ತು ಚಾರ್ಲಿ ಜೊತೆಯಾಗಿ ಹಾರುವುದರಿಂದ ಬೇರೆ ಲಾಭವೂ ಇದೆ. ಎರಡರ ಕಕ್ಷೆಗಳ ನಡುವೆ 1.4 ಡಿಗ್ರಿ ರೇಖಾಂಶದ ಅಂತರ, ಸಮಭಾಜಕದ ಮೇಲೆ ಅದು 160 ಕಿ.ಮೀ. ಆಸುಪಾಸು. ಒಂದರಿಂದ ಇನ್ನೊಂದನ್ನು ಕಳೆದರೆ ದೂರದ ಕಾಂತಗೋಳದ (ಭೂಮಿಯ ಕಾಂತಕ್ಷೇತ್ರ ಆವರಿಸಿರುವ ಬಾಹ್ಯಾಕಾಶದ) ಕ್ಷೇತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅಳಿಸಿಹೋಗುತ್ತದೆ, ಭೂಚಿಪ್ಪಿನ ಶಿಲೆಗಳ ಸಣ್ಣ ವ್ಯತ್ಯಾಸ ಉಳಿಯುತ್ತದೆ. ಮೂರನೆಯದಾದ ‘ಬ್ರಾವೊ’ ಇನ್ನೂ ಎತ್ತರದಲ್ಲಿ ಬೇರೆ ಹೊತ್ತಿನಲ್ಲಿ ಹಾದುಹೋಗುತ್ತದೆ. ಕಕ್ಷೆ ಧ್ರುವದ ನೆತ್ತಿಯ ಮೇಲೆಯೇ ಹಾಯದೆ ಸಮಭಾಜಕಕ್ಕೆ 87–88 ಡಿಗ್ರಿ ಕೋನದಲ್ಲಿ ವಾಲಿರುವುದು ಬೇಕೆಂದೇ ಮಾಡಿದ್ದು. ಇದರಿಂದ ಕಕ್ಷೆ ನಿಧಾನವಾಗಿ ಸರಿದು, ಆಲ್ಫಾ–ಚಾರ್ಲಿ ಜೋಡಿ ಸುಮಾರು 133 ದಿನಗಳಲ್ಲಿ ದಿನದ ಎಲ್ಲ ಹೊತ್ತನ್ನೂ ನೋಡಿ ಮುಗಿಸುತ್ತದೆ. ಮ್ಯಾಗ್‌ಸ್ಯಾಟ್‌ಗೆ ಈ ಭಾಗ್ಯವಿರಲಿಲ್ಲ, ಅದು ಸದಾ ಮುಂಜಾನೆ ಮತ್ತು ಮುಸ್ಸಂಜೆಯ ಗೆರೆಯ ಮೇಲೇ ಸುತ್ತುತ್ತಿತ್ತು.

ಈಗ ನಕ್ಷೆಗೆ ಬರೋಣ. ಉಪಗ್ರಹ ಅಳೆದ ಒಂದೊಂದು ಅಂಕಿಯಲ್ಲೂ ಹಲವು ಮೂಲಗಳು ಕಲಸಿಹೋಗಿರುತ್ತವೆ. ದ್ರವರೂಪದ ಹೊರಗರ್ಭದ ಕಬ್ಬಿಣದ ಹರಿವಿನಿಂದ ಹುಟ್ಟಿದ್ದು ಶೇ 95ಕ್ಕೂ ಹೆಚ್ಚು. ಭೂಚಿಪ್ಪಿನ ಶಿಲೆಗಳದ್ದು ಉಪಗ್ರಹದ ಎತ್ತರದಲ್ಲಿ ಹತ್ತಿಪ್ಪತ್ತು ನ್ಯಾನೊಟೆಸ್ಲಾ. ಸಾಗರದ ಉಬ್ಬರವಿಳಿತದಲ್ಲಿ ಉಪ್ಪುನೀರು ಕಾಂತಕ್ಷೇತ್ರವನ್ನು ಹಾದು ಹರಿಯುವಾಗ ಹುಟ್ಟುವುದು ಒಂದೆರಡು ನ್ಯಾನೊಟೆಸ್ಲಾ ಅಷ್ಟೆ. ಅದನ್ನೂ ಜರ್ಮನಿಯ ಚಾಂಪ್ ಉಪಗ್ರಹದ ದತ್ತಾಂಶದಿಂದ 2003ರಲ್ಲಿ ಹೆಕ್ಕಿ ತೆಗೆದರು. ಇವುಗಳ ಮೇಲೆ ಕಾಂತಗೋಳದ ವಿದ್ಯುತ್ತಿನದ್ದು, ವಾತಾವರಣದ ಮೇಲ್ಭಾಗದಲ್ಲಿ ವಿದ್ಯುತ್ ಹರಿಯಬಲ್ಲ ಅಯಾನುಗೋಳದ್ದು. 2024ರ ಮೇ 10–11ರ ಸೌರಬಿರುಗಾಳಿಯಂಥ ದಿನ ಸಮಭಾಜಕದ ಸುತ್ತ ಕ್ಷೇತ್ರ ಸುಮಾರು 400 ನ್ಯಾನೊಟೆಸ್ಲಾ ಕುಸಿಯುತ್ತದೆ. ಆ ದಿನದ ದತ್ತಾಂಶದಲ್ಲಿ ಶಿಲೆಗಳನ್ನು ಹುಡುಕುವುದು ಜಾತ್ರೆಯಲ್ಲಿ ಪಿಸುಮಾತು ಕೇಳಿಸಿಕೊಂಡಂತೆ.

ಆದ್ದರಿಂದ ಮಾದರಿ ಕಟ್ಟುವವರು ದತ್ತಾಂಶದ ಬಹುಪಾಲನ್ನು ಪಕ್ಕಕ್ಕಿಡುತ್ತಾರೆ. ಸೂರ್ಯ ದಿಗಂತದಿಂದ ಕನಿಷ್ಠ 10 ಡಿಗ್ರಿ ಕೆಳಗಿರಬೇಕು, ಕಾಂತಕ್ಷೋಭೆಯನ್ನು ಹೇಳುವ ಕೆಪಿ ಸೂಚ್ಯಂಕ 2 ಮೀರಬಾರದು, ಭೂಮಿಯ ಸುತ್ತ ಹರಿಯುವ ಉಂಗುರ ವಿದ್ಯುತ್ತಿನ ಕ್ಷೇತ್ರ ಗಂಟೆಗೆ 2 ನ್ಯಾನೊಟೆಸ್ಲಾಗಿಂತ ಹೆಚ್ಚು ಬದಲಾಗಬಾರದು. ಧ್ರುವಪ್ರದೇಶದಲ್ಲಿ ಕಟ್ಟಳೆ ಇನ್ನೂ ಬಿಗಿ. ಅಲ್ಲಿ ಉಪಗ್ರಹ ವಿದ್ಯುತ್ತಿನ ಹರಿವಿನೊಳಗೇ ನುಗ್ಗಿ ಹೋಗುವುದರಿಂದ ಅಂಶಗಳನ್ನು ಬಿಟ್ಟು ಒಟ್ಟು ಬಲವನ್ನಷ್ಟೇ ನೆಚ್ಚುವುದು ರೂಢಿ.

ಒಳಗಿನ ಮೂಲವನ್ನೂ ಹೊರಗಿನ ಮೂಲವನ್ನೂ ಬೇರ್ಪಡಿಸುವ ಗಣಿತ ಜರ್ಮನಿಯ ಗಣಿತಜ್ಞ ಗೌಸ್ 1830ರ ದಶಕದಲ್ಲೇ ಕೊಟ್ಟದ್ದು. ಉಪಗ್ರಹದಲ್ಲಿ ಅದಕ್ಕೊಂದು ತೊಡಕಿದೆ. ಅಯಾನುಗೋಳದ ಮುಖ್ಯ ವಿದ್ಯುತ್ತು ಹರಿಯುವುದು ಸುಮಾರು 110 ಕಿ.ಮೀ. ಎತ್ತರದಲ್ಲಿ. ನೆಲದ ಮೇಲಿನ ವೀಕ್ಷಣಾಲಯಕ್ಕೆ ಅದು ತಲೆಯ ಮೇಲೆ, ಉಪಗ್ರಹಕ್ಕೆ ಕಾಲಡಿಯಲ್ಲಿ. ಹಗಲಿನಲ್ಲಿ ಕಾಂತೀಯ ಸಮಭಾಜಕದ ಗುಂಟ ಹರಿಯುವ ವಿದ್ಯುತ್ ಪಟ್ಟಿ ನೆಲದ ಮೇಲೆ ಅಡ್ಡಬಲವನ್ನು (ನೆಲಕ್ಕೆ ಸಮಾಂತರವಾದ ಅಂಶವನ್ನು) ಹೆಚ್ಚಿಸಿದರೆ ಉಪಗ್ರಹದ ಎತ್ತರದಲ್ಲಿ ಅದೇ ಬಲವನ್ನು ತಗ್ಗಿಸುತ್ತದೆ. ಗಣಿತ ಅದನ್ನೂ ‘ಒಳಗಿನದು’ ಎಂದೇ ಎಣಿಸುತ್ತದೆ, ಭೂಗರ್ಭದ ಲೆಕ್ಕಕ್ಕೆ ಜಮಾ ಮಾಡುತ್ತದೆ. ನೆಲದ ವೀಕ್ಷಣಾಲಯಗಳ ಅಂಕಿ ಜೊತೆಗಿಲ್ಲದಿದ್ದರೆ ಈ ಗೋಜಲು ಬಿಡಿಸುವುದು ಕಷ್ಟ. ಉಪಗ್ರಹ ಬಂದಮೇಲೆ ವೀಕ್ಷಣಾಲಯ ಏಕೆ ಎನ್ನುವವರಿಗೆ ಇದು ಉತ್ತರ. ಇನ್ನೊಂದು ಉತ್ತರ: ಚಾಂಪ್ 2010ರ ಸೆಪ್ಟೆಂಬರ್‌ನಲ್ಲಿ ಬಿದ್ದ ಮೇಲೆ ಸ್ವಾರ್ಮ್ ಹಾರುವವರೆಗಿನ ಮೂರು ವರ್ಷ ಕ್ಷೇತ್ರದ ಬದಲಾವಣೆಯ ಎಳೆ ಕಡಿಯದಂತೆ ಹಿಡಿದುಕೊಂಡದ್ದು ಹೆಚ್ಚಾಗಿ ಅವೇ.

ಎತ್ತರ ಬರೆಯಿರಿ ಎನ್ನುವುದಕ್ಕೆ ಕಾರಣ ಈ ಅಂಕಿಗಳಲ್ಲಿದೆ. 3,000 ಕಿ.ಮೀ. ಅಗಲದ ರಚನೆಯ ಕ್ಷೇತ್ರ ನೆಲದಿಂದ 450 ಕಿ.ಮೀ. ಮೇಲೆ ಮೂರನೇ ಒಂದು ಭಾಗದಷ್ಟು ಉಳಿದಿರುತ್ತದೆ. 500 ಕಿ.ಮೀ. ಅಗಲದ್ದಾದರೆ 270ನೇ ಒಂದು ಭಾಗ. ಅದೇ ಉಪಗ್ರಹ 300 ಕಿ.ಮೀ.ಗೆ ಇಳಿದರೆ ಅದು 43ನೇ ಒಂದು ಭಾಗವಾಗುತ್ತದೆ, ಆರು ಪಟ್ಟು ಸ್ಪಷ್ಟ. ಚಾಂಪ್ ಸಾಯುವ ಮುನ್ನ ಕೆಳಗಿಳಿದ ತಿಂಗಳುಗಳಲ್ಲೇ ಶಿಲೆಗಳ ಬಗ್ಗೆ ಅತ್ಯುತ್ತಮ ದತ್ತಾಂಶ ಕೊಟ್ಟಿತು. ಇನ್ನು ನೆಲಮಟ್ಟದಿಂದ ಕೆಳಗೆ ಭೂಗರ್ಭದ ಮೇಲ್ಮೈಗೆ ಲೆಕ್ಕ ಇಳಿಸುವಾಗ ಆ 3,000 ಕಿ.ಮೀ. ರಚನೆಯೂ, ಅದರೊಳಗಿನ ತಪ್ಪೂ 8,000 ಪಟ್ಟಿಗಿಂತ ಹೆಚ್ಚು ಹಿಗ್ಗುತ್ತವೆ. ಅದಕ್ಕಿಂತ ಸಣ್ಣ ರಚನೆಗಳನ್ನು ಭೂಗರ್ಭದ ನಕ್ಷೆಯಲ್ಲಿ ತೋರಿಸುವಂತೆಯೇ ಇಲ್ಲ, ಅಲ್ಲಿ ಶಿಲೆಗಳ ಕ್ಷೇತ್ರ ಅಡ್ಡನಿಲ್ಲುತ್ತದೆ. ಭೂಗರ್ಭದ ಮೇಲ್ಮೈಯ ನಕ್ಷೆಯಲ್ಲಿ ದಕ್ಷಿಣ ಅಟ್ಲಾಂಟಿಕ್‌ನ ಕೆಳಗೆ ತಿರುಗುಮುರುಗಾದ ಬಣ್ಣದ ಮಚ್ಚೆ ಕಾಣುವುದು ನಿಜ. ನೆಲಮಟ್ಟದ ನಕ್ಷೆಯಲ್ಲಿ ಅಲ್ಲಿ ಕ್ಷೇತ್ರ ದುರ್ಬಲವಷ್ಟೆ, ತಿರುಗಿಲ್ಲ. ಒಂದು ನಕ್ಷೆಯನ್ನು ಇನ್ನೊಂದರ ತಲೆಬರಹದೊಂದಿಗೆ ಅಚ್ಚುಮಾಡಿದರೆ ಓದುಗ ಗಾಬರಿಯಾಗುವುದು ಸಹಜ.

ಆ ದುರ್ಬಲ ಪ್ರದೇಶದಲ್ಲಿ ಕನಿಷ್ಠ ಬಲ 1970ರಲ್ಲಿ ಸುಮಾರು 24,000 ನ್ಯಾನೊಟೆಸ್ಲಾ ಇದ್ದದ್ದು 2020ಕ್ಕೆ 22,000ಕ್ಕೆ ಇಳಿದಿದೆ. ಅಲ್ಲಿ ಹಾಯುವ ಉಪಗ್ರಹಗಳ ಎಲೆಕ್ಟ್ರಾನಿಕ್ಸ್‌ಗೆ ವಿಕಿರಣದ ತೊಂದರೆ ಇದೆ, ಕೆಳಗಿರುವ ಜನರಿಗೆ ಏನೂ ಆಗುವುದಿಲ್ಲ. ಧ್ರುವ ಅದಲುಬದಲಾದದ್ದು ಕೊನೆಯ ಬಾರಿ ಸುಮಾರು 7.8 ಲಕ್ಷ ವರ್ಷಗಳ ಹಿಂದೆ, ಆ ಬದಲಾವಣೆಗೆ ಹಿಡಿಯುವುದು ಸಾವಿರಾರು ವರ್ಷ. ಓರ್‌ಸ್ಟೆಡ್‌ನಿಂದ ಈಚಿನ ಉಪಗ್ರಹಗಳ ದಾಖಲೆ ಇನ್ನೂ ಮೂರು ದಶಕವೂ ತುಂಬದ್ದು.

‘ಧ್ರುವ’ ಎಂಬ ಪದವನ್ನೂ ಎಚ್ಚರದಿಂದ ಬಳಸಬೇಕು. ಸೂಜಿ ನೆಟ್ಟಗೆ ಕೆಳಕ್ಕೆ ತೋರಿಸುವ ಉತ್ತರ ಕಾಂತಧ್ರುವ 2025ರ ಆರಂಭದಲ್ಲಿ ಸೈಬೀರಿಯಾದ ಕಡೆಯ ಆರ್ಕ್‌ಟಿಕ್ ಸಾಗರದಲ್ಲಿ, ಉತ್ತರ ಅಕ್ಷಾಂಶ 85.8, ಪೂರ್ವ ರೇಖಾಂಶ 139ರ ಹತ್ತಿರ ಇತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ವರ್ಷಕ್ಕೆ 50 ಕಿ.ಮೀ. ಮೀರಿ ಓಡಿದ್ದು ಇದು, ಈಗ ನಿಧಾನಿಸಿದೆ. ಇಡೀ ಭೂಮಿಯನ್ನು ಒಂದೇ ದಂಡಕಾಂತವೆಂದು ಭಾವಿಸಿ ಲೆಕ್ಕಹಾಕುವ ಭೂಕಾಂತ ಧ್ರುವ ಬೇರೆ, ಅದು ಕೆನಡಾದ ಉತ್ತರ ತುದಿಯ ಕಡೆಗಿದೆ, ತುಂಬ ನಿಧಾನವಾಗಿ ಸರಿಯುತ್ತದೆ. ಒಂದರ ವೇಗವನ್ನು ಇನ್ನೊಂದರ ಜಾಗಕ್ಕೆ ಹಚ್ಚಿ ಬರೆಯುವುದು ತಪ್ಪು.

ಫೋನಿನ ದಿಕ್ಸೂಚಿ ನಿಜವಾದ ಉತ್ತರವನ್ನು ತೋರಿಸಲು ಬಳಸುವ ವಿಶ್ವ ಕಾಂತ ಮಾದರಿಯನ್ನು ಐದು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ. 2015ರ ಮಾದರಿ ಆರ್ಕ್‌ಟಿಕ್‌ನಲ್ಲಿ ಬೇಗನೆ ತಪ್ಪತೊಡಗಿ 2019ರ ಫೆಬ್ರುವರಿಯಲ್ಲಿ, ಅವಧಿಗೆ ಮುಂಚೆಯೇ ತಿದ್ದಬೇಕಾಯಿತು. ಈಗಿನದು 2024ರ ಡಿಸೆಂಬರ್‌ನಲ್ಲಿ ಬಂದದ್ದು. ಕಿಟಕಿಯ ಕಬ್ಬಿಣದ ಸರಳಿನ ಪಕ್ಕ ನಿಂತು ಫೋನು ತಪ್ಪು ದಿಕ್ಕು ತೋರಿಸಿದರೆ ದೋಷ ಮಾದರಿಯದಲ್ಲ.

ನಮ್ಮ ಬೇಡಿಕೆ ಇಷ್ಟೇ. ನಕ್ಷೆ ಅಚ್ಚಾಗುವಾಗ ಕೆಳಗೆ ‘2025ರ ಆರಂಭ, ಸಮುದ್ರಮಟ್ಟ, ಒಟ್ಟು ಬಲ ನ್ಯಾನೊಟೆಸ್ಲಾಗಳಲ್ಲಿ, ಭೂಗರ್ಭದ ಮೂಲ ಮಾತ್ರ’ ಎಂಬಂಥ ಒಂದು ಸಾಲು ಇರಲಿ. ಈ ವಿವರ ಮೂಲ ಸಂಸ್ಥೆಗಳ ಚಿತ್ರದ ಜೊತೆಗೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ಬಣ್ಣದ ಪಟ್ಟಿಯ ಅಂಕಿ ನೋಡಿ: ಲಕ್ಷಗಳಲ್ಲಿದ್ದರೆ ಭೂಗರ್ಭದ ಮೇಲ್ಮೈ, ಹತ್ತಾರು ಸಾವಿರದಲ್ಲಿದ್ದರೆ ನೆಲ ಅಥವಾ ಉಪಗ್ರಹದ ಎತ್ತರ, ಹತ್ತಿಪ್ಪತ್ತರಲ್ಲಿದ್ದರೆ ಬಹುಪಾಲು ಶಿಲೆಗಳದ್ದು. ಬಣ್ಣದ ಪಟ್ಟಿಯನ್ನೇ ಕತ್ತರಿಸಿದ ಚಿತ್ರ ಬಂದರೆ ಅದನ್ನು ಹಾಕದಿರುವುದು ಮೇಲು.

ಇಂತಿ,
ಭೂಕಾಂತ ದತ್ತಾಂಶದ ಕೆಲಸದಲ್ಲಿರುವ ನಿಮ್ಮ ಓದುಗರು